ಅಚ್ಚಿನೊಳಗಿನ ಅಕ್ಷತೆ

ನನ್ನ ಬೂಸರ ಕಾಕಾಗೆ,

ಹೀಗೆ ಕರೆದರೆ ನಿಮಗೆ ಸಿಟ್ಟು ಬರುವುದಿಲ್ಲ, ಗೊತ್ತು. ನೌಬಾದದ ಓಣಿಯೆಲ್ಲ ಹಾಗೇ ಕರೆಯುತ್ತಿತ್ತಲ್ಲ! ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಸಿಪ್ಪೆ ಟೆಂಪೋದಲ್ಲಿ ಬಂದಿಳಿದಾಗ ಜನ ಮೂಗು ಮುಚ್ಚಿಕೊಂಡು ನಗುತ್ತಿದ್ದರು. "ಕಾಲೇಜಿನಾಗ ಪಾಠ ಹೇಳಿದ ಮನುಷ್ಯಾ, ರಿಟೈರ್ ಆಗಿ ಕಸದಾಗ ಬೂಸರ ಬೆಳಸ್ತಾನ ನೋಡ್ರಿ!" ಮನೆಯಲ್ಲಿ ಕಾಕುವಿನದೂ ಅದೇ ರಾಗ: "ಗಂಡ ಅಂತ ಹೇಳ್ಕೋಳಾಕ ನಾಚ್ಕಿ ಬರ್ತದ್ರಿ." ನೀವು ಮಾತ್ರ ನನಗೆ ಅಣಬೆಯ ಬಿಳಿ ಎಳೆ ತೋರಿಸಿ, "ಇವು ಸಿಪ್ಪಿ ತಿಂದು, ಉಳಿದ ಸಿಪ್ಪೀನ ಹೊಲೀತಾವ. ಒಣಗಿಸಿದ್ರ ಗಟ್ಟಿ ಪೆಟಗಿ. ಥರ್ಮಾಕೋಲ್ ಯಾಕ ಬೇಕವಾ?" ಎನ್ನುತ್ತಿದ್ದಿರಿ.

ಆ ಖಂಡೇನವಮಿ ನೆನಪಿದೆಯೇ? ಬಿದರಿ ಸಾಮಾನಿನ ಅಂಗಡಿಯ ಚಾಚಾ, ಹೂದಾನಿ ಕಳಿಸಲು ನಿಮ್ಮ ಪೆಟ್ಟಿಗೆ ನೋಡುತ್ತೇನೆ ಎಂದಿದ್ದರು. ಅಚ್ಚುಗಳಲ್ಲಿ ಸಿಪ್ಪೆ, ಅಣಬೆ ಬೀಜ ತುಂಬಿ, ಮುಚ್ಚಳ ಬಿಗಿದು ನಾವಿಬ್ಬರೂ ಹಬ್ಬಕ್ಕೆ ಔರಾದಿಗೆ ಹೋದೆವು. ಮರಳಿ ಬಂದು ತೆಗೆದರೆ ಅಚ್ಚಿನ ತುಂಬ ಹಸಿರು ಬೂಸರ, ಕೊಳೆತ ನಾತ. ನೀವೇ ಅಂದಿರಿ, "ನನ್ನ ಬೀಜಾನೇ ಖರಾಬ್ ಅದ, ಬಿಡವಾ." ಎಲ್ಲವನ್ನೂ ತಿಪ್ಪೆಗೆ ಚೆಲ್ಲಿ ಶೆಡ್ಡಿಗೆ ಕೀಲಿ ಹಾಕಿದಿರಿ. ಆಮೇಲೆ ಊಟ ಬಿಟ್ಟಿರಿ, ಮಾತು ಬಿಟ್ಟಿರಿ, ಕೊನೆಗೆ ನಮ್ಮನ್ನೇ ಬಿಟ್ಟು ಹೋದಿರಿ. ಎದೆನೋವು ಎಂದರು ಡಾಕ್ಟರರು. ಅವರಿಗೇನು ಗೊತ್ತು?

ಈ ವರ್ಷ ಶೆಡ್ಡಿನ ಕೀಲಿ ನಾನೇ ತೆಗೆದೆ. ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ನಾನು ಉಳಿಸಿಕೊಂಡಿದ್ದ ನಿಮ್ಮ ಬೀಜದಿಂದಲೇ ಅಚ್ಚು ತುಂಬಿದೆ. ನವಮಿಯ ದಿನ ಕಾಕು ಆಯುಧಪೂಜೆಯ ತಟ್ಟೆ ಹಿಡಿದು ಬಂದರು. "ಮುಚ್ಚಳ ತೆಗಿಯವಾ. ಆ ವರ್ಷ ನೀವಿಬ್ರೂ ಔರಾದಿಗೆ ಹೋದಾಗ ನಾ ಬಂದು ಒಂದೊಂದ್ರಾಗೂ ಅಕ್ಷತಿ ಹಾಕಿ ನೀರು ಚಿಮಕ್ಸಿದ್ದೆ. ಬರೇ ಮ್ಯಾಲ ಕುಂಕುಮ ಹಚ್ಚಿದ್ರ ಪೂಜಿ ಮುಟ್ತದೇನು?"

ಅಕ್ಕಿ ಕಾಳು, ಬಾವಿಯ ನೀರು! ಹಸಿರು ಬೂಸರಕ್ಕೆ ಇನ್ನೇನು ಬೇಕು? ಜನ್ಮವಿಡೀ ನಿಮ್ಮನ್ನು ಹಂಗಿಸಿದ ಹೆಂಗಸು ಒಂದೇ ಒಂದು ಸಲ ನಿಮಗೆ ಒಳ್ಳೆಯದಾಗಲಿ ಎಂದು ಕೈ ಮುಗಿದಿದ್ದರು, ಅದೂ ಹೀಗೆ. ನಾನು ಯಾರ ಮೇಲೆ ಸಿಟ್ಟಾಗಲಿ ಕಾಕಾ? "ಈ ಸಲ ಮ್ಯಾಲಷ್ಟೇ ಹಚ್ರಿ ಕಾಕು" ಎಂದೆ.

ಎಳೆಗಳು ಕೆನೆಯ ಹಾಗೆ ಕಟ್ಟಿದವು. ಚಾಚಾ ಪೆಟ್ಟಿಗೆಯಲ್ಲಿ ಹೂದಾನಿ ಇಟ್ಟು, ಬೇಕೆಂದೇ ಕೈಬಿಟ್ಟು ನೋಡಿದರು. ಒಂದು ಗೀರೂ ಬೀಳಲಿಲ್ಲ. ನಿನ್ನೆ ಓಣಿಯವರು ನನಗೆ ಶಾಲು ಹೊದಿಸಿದರು, ಅದೇ ಮೂಗು ಮುಚ್ಚಿಕೊಂಡಿದ್ದ ಜನ. "ಕಾಕಾನ ಕೈಲಿ ಆಗ್ಲಿಲ್ಲ, ಹುಡಿಗಿ ಮಾಡಿ ತೋರ್ಸಿದ್ಲು!" ಎಂದು ಮೈಕಿನಲ್ಲಿ ಕೂಗಿದರು. ಎದ್ದು ನಿಂತು ಬಾಯಿ ತೆರೆದೆ. ಮುಂದಿನ ಸಾಲಿನಲ್ಲಿ ಕಾಕು ಸೆರಗಿನಿಂದ ಕಣ್ಣೊರೆಸುತ್ತ ಕೂತಿದ್ದರು...

ಹೇಳಲಿಲ್ಲ. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ: ನಿಮ್ಮ ಬೀಜ ಕೆಟ್ಟಿರಲಿಲ್ಲ ಕಾಕಾ. ಒಂದಿಷ್ಟೂ ಕೆಟ್ಟಿರಲಿಲ್ಲ. ಆದರೆ ಕಾಕು ಇರುವವರೆಗೆ ನೀವು ಸೋತವರಾಗಿಯೇ ಇರಬೇಕು.

ನಿಮ್ಮ ಅಣ್ಣನ ಮಗಳು,
ಸುಮಿ