ಕೋವಾದ ದಾರಿಯಲ್ಲಿ ಅಮ್ಮ ವ್ಯಾನ್ ನಿಲ್ಲಿಸಿದ್ದು

ಪೋರ್ಟೊ ನೋವೊ, ಸಾಂತೊ ಅಂತಾವೊ ದ್ವೀಪ
೧೯ ಸೆಪ್ಟೆಂಬರ್ ೨೦೧೬

ಮುದ್ದು ತಮ್ಮ ಲಾನು,

ಹೇಗಿದ್ದೀಯೋ? ಹಡಗಿನ ಎಂಜಿನ್ ಕೋಣೆಯ ಶಾಖಕ್ಕೆ ಆ ಹಾಳು ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನ ಕಣ್ಣಿನ ಪೊರೆ ತೆಗೆಸಲು ಇವತ್ತು ಸಾವೊ ವಿಸೆಂಟೆ ದ್ವೀಪಕ್ಕೆ ಹೊರಟಿದ್ದೆವು. ಲಾಂಚ್ ತಪ್ಪಿತು. ಗಾಬರಿಯಾಗಬೇಡ, ಹೇಳುತ್ತೇನೆ.

ಮೂರು ವರ್ಷದ ಮೇಲೆ ಇಂಥ ಮಳೆ ಬಂತು ಕಣೋ! ನಿನ್ನೆಯಿಂದ ಬಿಟ್ಟೇ ಇಲ್ಲ. ಕಡಲಂಚಿನ ಹೊಸ ರಸ್ತೆಗೆ ಬಂಡೆ ಉರುಳಿದ್ದರಿಂದ, ಪಕ್ಕದ ಮನೆಯ ವಾಲ್ದಿರ್ ತನ್ನ ವ್ಯಾನನ್ನು ಬೆಟ್ಟದ ಹಳೇ ದಾರಿಗೆ ತಿರುಗಿಸಿದ. ಅಪ್ಪನ ಜೊತೆ ಲಾರಿಯ ಹಿಂದೆ ಕೂತು ಹೋಗುತ್ತಿದ್ದೆವಲ್ಲ, ನೀನು ಅಪ್ಪನ ಟೋಪಿಯೊಳಗೇ ವಾಂತಿ ಮಾಡಿದ್ದೆಯಲ್ಲ, ಅದೇ ದಾರಿ. ಎರಡೂ ಕಡೆ ಪ್ರಪಾತವಿರುವ ಕಿರಿದಾದ ಏರಿನಲ್ಲಿ ಮಂಜು ಮುಸುಕಿ ಏನೂ ಕಾಣದಾಯಿತು. ಎಲ್ಲರೂ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರೆ, ಅಮ್ಮ ಮಾತ್ರ ನಕ್ಕಳು. “ಈಗ ನಿಮಗೂ ನನ್ನ ಕಣ್ಣೇ ಬಂತು ನೋಡ್ರೋ!” ವಾಲ್ದಿರ್, “ಅಜ್ಜೀ, ನಗಿಸ್ಬೇಡಿ, ಮೊದಲೇ ದಾರಿ ಕಾಣ್ತಿಲ್ಲ” ಅಂದ.

ಕೋವಾ ತಲುಪಿದಾಗ ಮಂಜು ಸರಿದಿತ್ತು. ಸತ್ತ ಜ್ವಾಲಾಮುಖಿಯ ಬಾಯಿ ತುಂಬ ಜೋಳ, ಹುರುಳಿ ತೊಯ್ದು ನಿಂತಿದ್ದವು. ಅಮ್ಮ ಇದ್ದಕ್ಕಿದ್ದಂತೆ “ನಿಲ್ಸೋ” ಅಂದಳು. ಇಳಿದವಳೇ ಚಪ್ಪಲಿ ಬಿಟ್ಟು ಒದ್ದೆ ಕರಿಕಲ್ಲಿನ ಮೇಲೆ ನಿಂತುಬಿಟ್ಟಳು. ಆ ತಿರುವಿನ ಕಲ್ಲು ಹಾಸಿದ್ದು ಅಪ್ಪ. ಹದಿನಾರರ ಅಮ್ಮ ಕೂಲಿಯವರಿಗೆ ತಲೆಯ ಮೇಲೆ ಡಬ್ಬದಲ್ಲಿ ನೀರು ಹೊತ್ತು ತರುತ್ತಿದ್ದಳಂತೆ. “ನಿಮ್ಮಪ್ಪ ಮೂರು ಸಲ ನೀರು ಕೇಳ್ದ. ಮೂರನೇ ಸಲ ಕುಡೀಲೇ ಇಲ್ಲ, ನನ್ನ ಮುಖಾನೇ ನೋಡ್ತಾ ನಿಂತ.” ಸಂತೆಗೆ ಹೊರಟಿದ್ದ ಫಿರ್ಮೀನಾ ಕಿಟಕಿಯಿಂದ ಕೂಗಿದಳು: “ಮುದುಕೀ, ನಿನ್ನ ಪ್ರೇಮಕಥೆ ಮುಗಿಯೋಷ್ಟರಲ್ಲಿ ನನ್ನ ಮೇಕೆ ಚೀಸು ಹಳಸುತ್ತೆ!” ಅಮ್ಮ ಅಲುಗಲಿಲ್ಲ. ಮಳೆ ಮುಖದ ಮೇಲೆ ಸುರಿಯುತ್ತಿತ್ತು. ನಾನೂ ಇಳಿದು ಅವಳ ಕೈ ಹಿಡಿದು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ನಾವು ಬಂದರು ತಲುಪುವಾಗ ಲಾಂಚ್ ಕಟ್ಟೆ ಬಿಟ್ಟಿತ್ತು. ನಾನು ಅತ್ತೇಬಿಟ್ಟೆ. ಅಮ್ಮ ಬಿಸಿ ಕಚೂಪಾ ಗಂಜಿ ಎರಡು ಬಟ್ಟಲು ಉಂಡಳು! ಆಸ್ಪತ್ರೆಯವರು ನವೆಂಬರ್ ಎಂಟಕ್ಕೆ ಬರಹೇಳಿದ್ದಾರೆ.

ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಅರ್ಲಿಂದಾ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮ ಕಿವಿಯಲ್ಲಿ ಹೇಳಿದಳು: “ಮಳೆ ಅಲ್ಲ ಕಣೇ, ಲಾಂಚ್ ನಾನೇ ಬೇಕಂತ ತಪ್ಪಿಸಿದ್ದು. ಅಕ್ಟೋಬರ್ ಕೊನೆಗೆ ಲಾನುಗೆ ರಜ ಅಲ್ವಾ? ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲು ಅವನ ಮುಖ ಕಾಣ್ಬೇಕು.” ನೀನು ಮನೆಗೆ ಬಂದು ಹನ್ನೊಂದು ವರ್ಷವಾಯಿತು ಲಾನು. ಬಾರೋ.