ಸತ್ತ ದೊರೆಯ ಬಾಯಿ

ಬಿತ್ತನೆಯ ತಿಂಗಳು. ಅಮಾವಾಸ್ಯೆಯ ಮರುದಿನ, ಬೆಳಿಗ್ಗೆ

ದೊರೆಯ ಮುಖದ ನೊಣ ಓಡಿಸಿದ್ದಾಯಿತು. ಹೊದಿಕೆ ಬದಲಿಸಿದ್ದಾಯಿತು. ಮುಸುಕಿನ ಜೋಳ ಸುಟ್ಟು ಎದುರಿಗಿಟ್ಟೆವು — ಹೊಗೆ ಅವನಿಗೆ, ಬೂದಿ ನಮಗೆ.

ಸತ್ತು ಮೂರು ತಲೆಮಾರಾಯಿತು. ಒಣಗಿದ ಮೈಗೆ ಬಟ್ಟೆ ಸುತ್ತಿಕೊಂಡು ಕೂತೇ ಇದ್ದಾನೆ. ಕುಸ್ಕೊ ಪಟ್ಟಣದ ಈ ಅರಮನೆ, ಹೊಲ, ಆಳುಕಾಳು, ಎಲ್ಲ ಇಂದಿಗೂ ಅವನದೇ. ಅವನ ಬಾಯಿ ನಾನು. ಜನ ಕೇಳುತ್ತಾರೆ. ಕಣ್ಣು ಮುಚ್ಚುತ್ತೇನೆ. ಗಂಟಲು ಬಿಸಿಯಾಗುತ್ತದೆ. ಕಂಬ ನಡುಗುವಂಥ ದನಿಯಲ್ಲಿ ಅವನು ನುಡಿಯುತ್ತಾನೆ.

ಈಗೀಗ ದೂರದ್ದು ಕಾಣುವುದಿಲ್ಲ. ಯಾರು ಬಂದರೆಂದು ಅಕ್ಕನ ಮಗಳು ಚಿಂಪು ಬೀಸಣಿಗೆಯ ಮರೆಯಲ್ಲಿ ಪಿಸುಗುಡುತ್ತಾಳೆ. ಇದು ಅವಳಿಗೆ ಗೊತ್ತು, ದಿನದಿನದ ಮಾತನ್ನು ನಾನು ಗಂಟು ಹಾಕಿಡುವ ಈ ಹಗ್ಗಕ್ಕೆ ಗೊತ್ತು. ನನ್ನ ಗಂಟುಗಳನ್ನು ಓದಬಲ್ಲ ಬೆರಳು ಬೇರೆ ಇಲ್ಲ.

ಬಿದಿಗೆ ಕಳೆದು, ಮಧ್ಯಾಹ್ನ

"ಮಾಮ, ಹುಣ್ಣಿಮೆಗೆ ಚಾಲ್ಕೊ ಹೆಣ್ಣು ಕೇಳೋಕೆ ಬರ್ತಾನೆ."

ನದಿಯಾಚೆಯವನು. ಹುಲ್ಲಿನ ಹಗ್ಗದಲ್ಲಿ ಸೇತುವೆ ಹೆಣೆಯುತ್ತಾನೆ. ಮದುವೆಯಾದರೆ ಇವಳೂ ಆಚೆಗೇ.

"ಒಪ್ಪಿಗೆ ಕೊಡೋದು ದೊರೆ ಕಣೆ, ನಾನಲ್ಲ."

"ಅವನ ಕಿವೀಲಿ ಒಂದ್ಮಾತು ಹಾಕು."

"ನಾನ್ ಹೇಳಿದ್ರೆ ಕೇಳ್ತಾನಾ?"

"ನಿನ್ನೆ ಇನ್ನೊಂದು ಗಡಿಗೆ ಹೆಂಡ ತನ್ನಿ ಅಂದದ್ದು ಯಾರು?"

"ಅವನೇ."

"ತೇಗಿದ್ದು ಮಾತ್ರ ನೀನು."



ಅದೇ ದಿನ, ಸಂಜೆ

ಅರಮನೆಯ ಪಾರುಪತ್ಯಗಾರ ಆಟಾವು ಬಂದು ಪಕ್ಕದಲ್ಲಿ ಕೂತ. "ಹುಡುಗಿ ಹೋದ್ರೆ ನಿನ್ನ ಕಣ್ಣೂ ಹೋಯ್ತು ಅಣ್ಣ. ನಂಗೊತ್ತಿಲ್ಲ ಅಂದ್ಕೊಂಡ್ಯಾ? ಊನ ಇರೋನ ಬಾಯಲ್ಲಿ ದೊರೆ ಮಾತಾಡಲ್ಲ. ಬೇರೆ ಬಾಯಿ ಹುಡುಕ್ಬೇಕಾಗುತ್ತೆ."

ಸರಿ. ದೊರೆ 'ಬೇಡ' ಅನ್ನುತ್ತಾನೆ. ನಾನು ಅನ್ನಿಸುತ್ತೇನೆ... ಹಾಗೆ ಅನ್ನಿಸಲು ಬರುವುದಾದರೆ, ಇಷ್ಟು ವರ್ಷ ಅನ್ನಿಸಿದ್ದೂ ನಾನೇನಾ?

ಈ ಗಂಟು ಬಿಗಿಯಾಗುತ್ತಿಲ್ಲ.

ಹುಣ್ಣಿಮೆ, ಇಳಿಹೊತ್ತು

ಸಭೆ ತುಂಬಿತ್ತು. ಚಾಲ್ಕೊ ಕಾಣಿಕೆಗೆಂದು ತಂದ ಕೋಕಾ ಎಲೆಯ ಕಟ್ಟನ್ನು ದೊರೆಯ ಮುಂದಿಟ್ಟು ಬಾಗಿದನಂತೆ — ಚಿಂಪು ಪಿಸುಗುಟ್ಟಿದಳು. ಕಣ್ಣು ಮುಚ್ಚಿದೆ. ಗಂಟಲು ಬಿಸಿಯಾಗಲಿಲ್ಲ. ತಣ್ಣಗೆ, ಕಲ್ಲಿನ ಹಾಗೆ. 'ಬೇಡ' ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ.

"ಕರ್ಕೊಂಡು ಹೋಗಪ್ಪ."

ಸಣ್ಣ ದನಿ. ಒಡೆದ ದನಿ. ಹಲ್ಲಿಲ್ಲದ ಮುದುಕನದು.  ದೊರೆಯದೇ ದನಿಯೆಂದು ಆಟಾವು ನೆಲಕ್ಕೆ ಹಣೆ ಹಚ್ಚಿದನಂತೆ.

ಅದು ಅವನಾದರೆ ಇಷ್ಟು ವರ್ಷ ಗುಡುಗಿದವನು ಯಾರು? ನಾನಾದರೆ ನನ್ನ ಕಣ್ಣನ್ನು ನಾನೇ ಯಾಕೆ ಕೊಟ್ಟೆ?

ಹುಣ್ಣಿಮೆ ಕಳೆದು ಕೆಲವು ದಿನ

ನೊಣ ಓಡಿಸಿದೆ. ಯಾರೂ ಏನೂ ಕೇಳಲು ಬರಲಿಲ್ಲ. ಒಳ್ಳೆಯದಾಯಿತು.

ಚಂದ್ರ ಸವೆದಿದ್ದಾನೆ. ಚಿಂಪು ಹೊರಟ ದಿನ

ಲಾಮಾದ ಬೆನ್ನಿಗೆ ಗಂಟುಮೂಟೆ ಬಿಗಿದಾಯಿತು. ಬೀಸಣಿಗೆಯನ್ನು ನನ್ನ ಕೈಗಿಟ್ಟಳು. ತನ್ನ ಹಿಡಿ ಬಿಡಲಿಲ್ಲ.

"ನಿಜ ಹೇಳು ಮಾಮ. ಅವತ್ತು ಹೂಂ ಅಂದದ್ದು ದೊರೆನಾ, ನೀನಾ?"

"ಯಾರಾದ್ರೇನೆ?"

"ದೊರೆ ಆದ್ರೆ ಕೈ ಮುಗಿದು ಹೋಗ್ತೀನಿ. ನೀನಾದ್ರೆ... ಒಂದ್ಸಲ ಅತ್ತು ಹೋಗ್ತೀನಿ."

ನೆರಳಿನಲ್ಲಿ ಎರಡು ಮುಖ, ಅವಳದು, ದೊರೆಯದು. ಯಾವುದು ಯಾವುದೆಂದು ಕಾಣಲಿಲ್ಲ. ಬಾಯಿ ತೆರೆದೆ. ಬಂದ ದನಿ ಅವತ್ತಿನದೇ, ಸಣ್ಣದು, ಒಡೆದದ್ದು. ಚಿಂಪು ಅತ್ತಳು.