ಅಣ್ಣನ ಆಮದು ಪರವಾನಗಿ

ಅಕ್ಕೋಳ
೪ ಆಗಸ್ಟ್ ೧೯೯೬

ಮುಂಬಯಿ ಬಂದರದಲ್ಲಿ ಪರದೇಶದ ಸಿಗಡಿ ಡಬ್ಬಿಗಳನ್ನು ಬಿಡಿಸಿಕೊಡುವ ಗುಮಾಸ್ತರಾದ ಅಣ್ಣನವರ ಪಾದಗಳಿಗೆ ಭರತೇಶನ ಉದ್ದಂಡ ನಮಸ್ಕಾರ.

ಒಂದು ಡಬ್ಬಿ ದೇಶದೊಳಗೆ ಬರಲು ಪರವಾನಗಿ, ಆರೋಗ್ಯದ ಸರ್ಟಿಫಿಕೇಟು, ಕಸ್ಟಮ್ಸಿನ ಸಿಕ್ಕಾ-ಮುದ್ರೆ ಮೂರೂ ಬೇಕೆಂದು ತಾವು ಬರೆದಿದ್ದಿರಿ. ತಮ್ಮನ್ನು ಮನೆಯೊಳಗೆ ಬಿಡಿಸಿಕೊಳ್ಳಲು ನಾನೂ ಕಾಗದಪತ್ರ ಹೊಂದಿಸಿದ್ದೇನೆ.

"ಬಸದಿಗೆ ಹೋಗೂ ಮನ್ಯಾಗ ಸಿಗಡಿ ಮುಟ್ಟಿದ ಕೈ ಬ್ಯಾಡ" ಎಂದಳು ಅಜ್ಜಿ. "ನಾ ಮುಟ್ಟೂದು ಬರೇ ಕಾಗದ" ಎಂದು ಸಿಟ್ಟಾಗಿ ಹೋದ ತಾವು ಎರಡು ವರ್ಷವಾದರೂ ಬಂದಿಲ್ಲ.

ತಮ್ಮ ಪತ್ರಗಳಿಗೂ ಒಳಗೆ ಪ್ರವೇಶವಿಲ್ಲ. ದನದ ಕೊಟ್ಟಿಗೆಯ ಗೂಡಿನಲ್ಲಿರುತ್ತವೆ. ಆದರೆ ದಿನಾ ಸಂಜೆ ಅಜ್ಜಿ ಹೊಸ್ತಿಲ ಮೇಲೆ ಕುಳಿತು, "ಹಳೇದ ಇರ್ಲಿ, ಓದಲೇ" ಅನ್ನುತ್ತಾಳೆ. ನಾನು ಎಮ್ಮೆಯ ಪಕ್ಕ ನಿಂತು ಓದುತ್ತೇನೆ. ಎಮ್ಮೆಗೂ ಈಗ ಕಸ್ಟಮ್ಸ್ ಕಾಯದೆ ಬಾಯಿಪಾಠವಾಗಿದೆ.

ಷರತ್ತುಗಳು ಹಗುರ. ಬಂದ ಕೂಡಲೇ ಬಾವಿಯ ಹತ್ತಿರ ಸ್ನಾನ ಮಾಡಬೇಕು, ಮುಂಬಯಿಯ ಬಟ್ಟೆ ಹೊರಗೇ ಬಿಡಬೇಕು. ದಶಲಕ್ಷಣ ಪರ್ವಕ್ಕೆ ಮೊದಲೇ ಬಂದರೆ ಒಳ್ಳೆಯದು. ಅಟ್ಟಕ್ಕೇರಿದ್ದ ತಮ್ಮ ಊಟದ ತಾಟನ್ನು ಇಳಿಸಿ ತಿಕ್ಕಿಟ್ಟಿದ್ದೇನೆ.

ಕೆಳಗಿನ ನೀಲಿ ಸಿಕ್ಕಾ ಅಜ್ಜಿಯ ಹೆಬ್ಬೆಟ್ಟು. ರೇಷನ್ ಕಾರ್ಡಿಗೆ ಬೇಕೆಂದು ಸುಳ್ಳು ಹೇಳಿ ಒತ್ತಿಸಿಕೊಂಡೆ. ಒತ್ತಿದ ಮೇಲೆ ಅವಳೆಂದಳು:

"ರೇಷನ್ ಕಾರ್ಡಿಂದು ಹ್ವಾದ ತಿಂಗಳನ ಆಗೇತಿ, ಕಳ್ಳಾ. ಅಂವಾ ಬರ್ತಾನಂದ್ರ ಹತ್ತೂ ಬೆರಳ ಒತ್ತತೀನಿ. ಇನ್ನೊಂದ್ ಕಾಗದಾ ತಾ."

ಆ ಇನ್ನೊಂದು ಕಾಗದವನ್ನು ಇದರ ಹಿಂದೆ ಲಗತ್ತಿಸಿದ್ದೇನೆ. ಎಣಿಸಿಕೋ, ಅಣ್ಣಾ.

ದಾರಿ ನೋಡುತ್ತಿರುವ,
ಭರತೇಶ
(ಕೊಟ್ಟಿಗೆ ಕಸ್ಟಮ್ಸ್ ಅಧಿಕಾರಿ)